ಬೇಲಿ, ಮೇವು, ಕರೆಂಟು

ಜನವರಿ 27, ಸೋಮವಾರ

ಬಿ.ಪಿ. ಬೆಳಿಗ್ಗೆ 150/90. ಸಂಜೆ 140/90. ಗಂಜಿ ಕುಡಿದರು.

ದಿನಾ ಬರೆದಿಡಿ ಎಂದು ಡಾಕ್ಟರು ಹೇಳಿದ್ದಾರೆ. ಪಂಪ್ ಕಂಪನಿಯವರು ಹೊಸ ವರ್ಷಕ್ಕೆ ಅಂಗಡಿಗೆ ಕೊಟ್ಟ ಡೈರಿ ಖಾಲಿ ಬಿದ್ದಿತ್ತು. ಪುಟ ದೊಡ್ಡದು, ಬಿ.ಪಿ.ಗೆ ಬೇಕಾದದ್ದು ಒಂದೇ ಸಾಲು. ಉಳಿದ ಜಾಗ ಹಾಳಾಗುತ್ತದಲ್ಲ ಎಂದು ಇದನ್ನೂ ಬರೆಯುತ್ತಿದ್ದೇನೆ.

ಶಿವಮೊಗ್ಗದ ಆಸ್ಪತ್ರೆಯಿಂದ ಶಿಕಾರಿಪುರಕ್ಕೆ ಬಂದು ಒಂದು ವಾರದ ಮೇಲಾಯಿತು. ಲಕ್ವ ಹೊಡೆದು ನಮ್ಮ ಯಜಮಾನರ ಬಲಗೈ ಮೇಲೆ ಬರುವುದಿಲ್ಲ. ಬಲಗಾಲು ಎಳೆಯುತ್ತದೆ. ಮಾತು ಪೂರ್ತಿ ಹೋಗಿದೆ. ನಾವು ಹೇಳಿದ್ದೆಲ್ಲ ಅರ್ಥವಾಗುತ್ತದೆ, ಬಾಯಿ ತೆರೆದರೆ ಬರೇ ಗಾಳಿ. ಬಸ್‌ಸ್ಟ್ಯಾಂಡಿನ ಹತ್ತಿರ ಪಂಪ್‌ಸೆಟ್ಟಿನ ಅಂಗಡಿಯಲ್ಲಿ ನಿಂತು ಕೂಗಿದರೆ ಎದುರಿನ ಹೋಟೆಲಿನವರು ಏನು ಏನು ಎಂದು ಎದ್ದು ಬರುತ್ತಿದ್ದ ಗಂಟಲು ಅದು.

ಮದುವೆಯಾಗಿ ಬಂದ ದಿನದಿಂದ ಸಾರಿಗೆ ಬೇಳೆ ಎಷ್ಟು ಹಾಕಬೇಕು ಎಂಬುದನ್ನೂ ಇವರೇ ಹೇಳುತ್ತಿದ್ದರು. ನಿನ್ನೆ ಬೇಳೆ ಡಬ್ಬಿ ಹಿಡಿದು ಒಲೆಯ ಮುಂದೆ ಸುಮ್ಮನೆ ನಿಂತಿದ್ದೆ. ಹಿಂದಿನಿಂದ ಅತ್ತೆ, "ಯಾಕೆ ನೀಲಾ, ಡಬ್ಬಿಗೇನಾತು?" ಎಂದರು. ಅತ್ತೆಗೆ ಎಂಬತ್ತು ದಾಟಿದೆ. ಕಿವಿ ಮಂದ, ಕಣ್ಣು ಚುರುಕು.

ಸಂಜೆ ಮೈದುನ ಲೋಕಪ್ಪ ಬಂದಿದ್ದ. ಉಡುತಡಿಯಲ್ಲಿ ಅವನದು ಕೋಳಿ ಫಾರಂ. "ಅಂಗಡಿ ಬೀಗ ಹಾಕ್ಕಂಡು ಎಷ್ಟು ದಿನ ಕೂರ್ತೀರಿ ಅತ್ತಿಗೆ? ಡೀಲರ್‌ಶಿಪ್ ನನ್ನ ಹೆಸರಿಗೆ ಮಾಡ್ಸಿಬಿಡನ. ಕಂಪನಿಯೋರು ಮಾರ್ಚ್‌ನಾಗೆ ಬರ್ತಾರೆ. ಅಣ್ಣಗೆ ಮಾತಿಲ್ಲ, ನಿಮಗೆ ಏನೂ ಗೊತ್ತಿಲ್ಲ," ಎಂದ.

ಅವನು ಕೆಟ್ಟದ್ದಕ್ಕೆ ಹೇಳಿದ್ದಲ್ಲ. ನನಗೆ ಗೊತ್ತಿಲ್ಲದ್ದೂ ನಿಜ. ತಲೆಯಾಡಿಸಿದೆ. ಇವರು ಗೋಡೆಯ ಕಡೆ ತಿರುಗಿ ಮಲಗಿದರು.

ಜನವರಿ 30, ಗುರುವಾರ

ಬಿ.ಪಿ. 160/100. ಚೆಂಡಿನಿಂದಾಗಿ.

ವ್ಯಾಯಾಮ ಮಾಡಿಸಲು ಶರಣ್ಯ ಎಂಬ ಹುಡುಗಿ ಮನೆಗೆ ಬರುತ್ತಾಳೆ. ಫಿಸಿಯೋಥೆರಪಿ ಓದಿದವಳು, ಸೊರಬದವಳು. ನನ್ನ ತವರಿನ ಕಡೆಯವಳೆಂದು ನನಗೆ ಅವಳ ಹತ್ತಿರ ಸ್ವಲ್ಪ ಸಲಿಗೆ. ಬಲಗೈಯಲ್ಲಿ ಒತ್ತಲಿ ಎಂದು ಇವರಿಗೊಂದು ಮೆತ್ತನೆಯ ಚೆಂಡು ಕೊಟ್ಟಳು. ಇವರು ಅದನ್ನು ಎಡಗೈಗೆ ತೆಗೆದುಕೊಂಡು ಕಿಟಕಿಯಾಚೆ ಎಸೆದರು. ಎದುರುಮನೆ ತುಂಗಮ್ಮ ವಾಪಸ್ ತಂದುಕೊಟ್ಟರು. ಮತ್ತೆ ಎಸೆದರು. ಮತ್ತೆ ತಂದರು. ಆಮೇಲೆ ಎಸೆದದ್ದನ್ನು ತರಲಿಲ್ಲ.

"ಅಂಕಲ್‌ಗೆ ಇದು ಬೇಜಾರು ಆಂಟಿ," ಎಂದಳು ಶರಣ್ಯ. "ಯಜಮಾನಿಕೆ ಮಾಡುವಂಥದ್ದು ಎಂತಾದ್ರೂ ಬೇಕು ಇವ್ರಿಗೆ."

"ಮಾತೇ ಇಲ್ಲದೆ ಎಂಥ ಯಜಮಾನಿಕೆ ಮಾಡ್ತಾರವ್ವ?"

"ಶನಿವಾರ ಒಂದು ತರ್ತೇನೆ. ನೀವು ನಗಬಾರ್ದು ಅಷ್ಟೆ."

ಫೆಬ್ರವರಿ 1, ಶನಿವಾರ

ನಗಲಿಲ್ಲ. ನಗು ಬರುವಂಥ ಸಂಗತಿಯಲ್ಲ.

ಶರಣ್ಯ ಕಾಲೇಜಿನಲ್ಲಿದ್ದಾಗ ಆಡುತ್ತಿದ್ದ ಗೇಮಿನ ಕರಿ ಪೆಟ್ಟಿಗೆ ತಂದು ನಮ್ಮ ಟಿ.ವಿ.ಗೆ ಸಿಕ್ಕಿಸಿದಳು. ಅದರಲ್ಲಿ ಎರಡು ಆಟ. ಒಂದರಲ್ಲಿ ಬಂದೂಕು ಹಿಡಿದು ಮನುಷ್ಯರನ್ನು ಕೊಲ್ಲಬೇಕು. ಇನ್ನೊಂದರಲ್ಲಿ ಡೈನೋಸಾರುಗಳನ್ನು ಸಾಕಿ, ಜನರಿಗೆ ಟಿಕೆಟ್ ಕೊಟ್ಟು ತೋರಿಸಬೇಕು. ಬಿ.ಪಿ. ಇದ್ದವರಿಗೆ ಎರಡನೆಯದು ವಾಸಿ ಎಂದಳು. ಅದು ತಪ್ಪು ತಿಳುವಳಿಕೆ ಎಂದು ಒಂದೇ ಗಂಟೆಯಲ್ಲಿ ಗೊತ್ತಾಯಿತು.

ಆಟ ಶುರುವಾಗುವಾಗ ಸಮುದ್ರದ ನಡುವಿನ ಒಂದು ಖಾಲಿ ಜಮೀನು ತೋರಿಸುತ್ತಾರೆ. ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ಬಡಬಡ ಹೇಳುತ್ತಾಳೆ, ಕೆಳಗೆ ಬರಹವೂ ಬರುತ್ತದೆ. ನಾನು ಪಿಯುಸಿವರೆಗೆ ಓದಿದ್ದು ಇಲ್ಲಿ ಉಪಯೋಗಕ್ಕೆ ಬಂತು. ಮೊದಲು ಬಾಗಿಲು ಕಟ್ಟಿ, ರಸ್ತೆ ಹಾಕಿ ಎನ್ನುತ್ತಾಳೆ.

ಎರಡು ಕೈಯಲ್ಲಿ ಹಿಡಿಯುವ ರಿಮೋಟು. ಎಡಗಡೆಯ ಕಡ್ಡಿ ತಳ್ಳಿದರೆ ಜಾಗ ತೋರಿಸಬಹುದು. ಬಲಗಡೆಯ ಗುಂಡಿ ಒತ್ತಿದರೆ ಒಪ್ಪಿಗೆ. ಇವರ ಬಲಗೈಗಲ್ಲವೇ ವ್ಯಾಯಾಮ ಬೇಕಾದದ್ದು? ಅದಕ್ಕೆ ಎಡಗಡೆ ನಾನು, ಬಲಗಡೆ ಇವರು, ಒಂದೇ ರಿಮೋಟು ಇಬ್ಬರೂ ಹಿಡಿಯಬೇಕು ಎಂದಳು ಶರಣ್ಯ. ಭುಜಕ್ಕೆ ಭುಜ ತಾಗಿಸಿ ಕೂತೆವು. ಅತ್ತೆಯ ಎದುರು ಹೀಗೆ ಕೂತದ್ದು ಮದುವೆ ಮಂಟಪ ಬಿಟ್ಟರೆ ಇದೇ ಮೊದಲು. ಕಿವಿ ಬಿಸಿಯಾಯಿತು.

ನಾನು ಜಾಗ ತೋರಿಸುವುದು, ಇವರು ಒತ್ತದೇ ಇರುವುದು. ಆ ಮೂಲೆ ಬೇಡವೇ? ಈ ಮೂಲೆ? ಹೆಬ್ಬೆರಳು ಏಳುತ್ತಿಲ್ಲವೋ, ನಾನು ತೋರಿಸಿದ ಜಾಗ ಹಿಡಿಸುತ್ತಿಲ್ಲವೋ ತಿಳಿಯದು. ಕಡೆಗೆ ಇವರ ಹೆಬ್ಬೆರಳು ನಡುಗುತ್ತ ನಡುಗುತ್ತ ಹೋಗಿ ಗುಂಡಿಯ ಮೇಲೆ ಬಿತ್ತು. ದೊಡ್ಡ ಬಾಗಿಲೊಂದು ಎದ್ದು ನಿಂತಿತು.

ಸಮುದ್ರದೊಳಗೆ ನಿಂತಿತು. ಇರಲಿ.

ಫೆಬ್ರವರಿ 2, ಭಾನುವಾರ

ಮೊದಲನೇ ಡೈನೋಸಾರು ಮೊಟ್ಟೆಯೊಡೆದು ಬಂತು. ಮೂರು ಕೊಂಬು, ಎಮ್ಮೆಯ ಮುಖ. ಬಂದ ಕೂಡಲೇ ರಸ್ತೆಗೆ ನಡೆದು, ಅಲ್ಲಿ ನಿಂತಿದ್ದ ಜೀಪನ್ನು ಬೀಳಿಸಿತು. ಬೇಲಿ ಹಾಕಿರಲಿಲ್ಲ.

ಶರಣ್ಯಳಿಗೆ ಫೋನ್ ಮಾಡಿದೆ. "ಅಯ್ಯೋ ಆಂಟಿ! ಮೊದ್ಲು ಬೇಲಿ. ಆಮೇಲೆ ಮೇವು. ಆಮೇಲೆ ಬೇಲಿಗೆ ಕರೆಂಟು. ಪ್ರಾಣಿ ತರೂದು ಕಡೇಲಿ," ಎಂದಳು.

ಅತ್ತೆ ಇದೆಲ್ಲ ನಿಜವೆಂದೇ ತಿಳಿದಿದ್ದಾರೆ. ಎಲ್ಲಿಂದಲೋ ನೇರ ಪ್ರಸಾರ ಬರುತ್ತಿದೆ, ನಾವು ಇಲ್ಲಿಂದ ನಡೆಸುತ್ತಿದ್ದೇವೆ ಎಂಬ ನಂಬಿಕೆ. "ಯಾರ ಜಮೀನೇ ಅದು? ಪಹಣಿ ಯಾರ ಹೆಸರಾಗೈತೆ? ಹದ್ದುಬಸ್ತು ಮಾಡಿಸ್ದೆ ಬೇಲಿ ಹಾಕಿದ್ರೆ ನಾಳೆ ಪಕ್ಕದೋರು ಸುಮ್ನಿರ್ತಾರೇನೇ?" ಎಂದು ಕೇಳಿದರು.

ಪಕ್ಕದಲ್ಲಿ ಸಮುದ್ರ ಅತ್ತೆ ಎಂದೆ.

"ಸರ್ಕಾರದ್ದು ಹಂಗಾದ್ರೆ. ಇನ್ನೂ ಕಷ್ಟ."

ಫೆಬ್ರವರಿ 4, ಮಂಗಳವಾರ

ಇವರು ಮಾತಾಡಿದರು!

ಮಧ್ಯಾಹ್ನ ಮೂರು ಕೊಂಬಿನದಕ್ಕೆ ಬೇಲಿ ಮುಗಿಸಿ, ಸೊಪ್ಪಿನ ತೊಟ್ಟಿ ಇಟ್ಟು, ಒಳಗೆ ಬಿಟ್ಟೆವು. ಜೀಪು ಒಳಗೆ ಹೋಗಿ ಬಂದ ಮೇಲೆ ಗೇಟು ತೆರೆದೇ ಇತ್ತು. ನಾನು ನೋಡಿರಲಿಲ್ಲ, ತೊಟ್ಟಿ ನೋಡುತ್ತಿದ್ದೆ. ಪ್ರಾಣಿ ಮೆಲ್ಲಗೆ ಅತ್ತ ಹೆಜ್ಜೆ ಹಾಕಿತು. ಟಿಕೆಟ್ ಕೊಂಡ ಜನ ಐಸ್‌ಕ್ರೀಂ ತಿನ್ನುತ್ತ ಎದುರಿಗೇ ನಿಂತಿದ್ದರು.

"ಗೇಟು!"

ಆ ದನಿ ನನ್ನ ಕಿವಿಯ ಪಕ್ಕದಲ್ಲೇ ಬಂತು. ಗೇಟು ಹಾಕಿಬಿಟ್ಟೆ. ಆಮೇಲೆ ತಿರುಗಿ ನೋಡಿದರೆ ಇವರ ಕಣ್ಣಲ್ಲಿ ನೀರು. ನಾನೂ ಅತ್ತುಬಿಟ್ಟೆ. ಏನಾಯಿತು ಎಂದು ಅತ್ತೆ ಎದ್ದು ಬಂದರು. ಮಗ ಮಾತಾಡಿದ ಎಂದು ಕಿವಿಯಲ್ಲಿ ಕೂಗಿದೆ.

"ಏನಂದ?"

"ಗೇಟು ಅಂದ್ರು."

"ಆ ಗೇಟು ಹಾಕೇ ಮೊದ್ಲು," ಎಂದರು ಅತ್ತೆ.

ಫೆಬ್ರವರಿ 9, ಭಾನುವಾರ

ಬಿ.ಪಿ. 140/85.

ಬಂದದ್ದು ಅದೊಂದೇ ಮಾತು. ನೀರು ಬೇಕೆಂದರೂ ಗೇಟು. ಶೌಚಕ್ಕೆ ಹೋಗಬೇಕೆಂದರೂ ಗೇಟು. ಉಪ್ಪು ಜಾಸ್ತಿಯಾದರೆ ಸಿಟ್ಟಿನ ಗೇಟು. ನಿದ್ದೆ ಬಂದರೆ ಉದ್ದನೆಯ ಗೇಟು. ಲಿಂಗಪೂಜೆಗೆ ಕೂತಾಗ ಬಾಯೊಳಗೇ ಮಣಮಣ ಗೇಟು. ಹೀಗಾಗುವುದುಂಟು, ಹೆದರಬೇಡಿ, ಒಂದು ಬಂದಲ್ಲಿ ಇನ್ನೊಂದು ಬರುತ್ತದೆ ಎಂದು ಡಾಕ್ಟರು ಫೋನಿನಲ್ಲಿ ಹೇಳಿದರು.

ಕಷ್ಟವಾದದ್ದು ನೋಡಲು ಬಂದ ನೆಂಟರಿಗೆ. ಇವತ್ತು ದಾವಣಗೆರೆಯಿಂದ ಇವರ ಸೋದರಮಾವನ ಮನೆಯವರು ಸೇಬು, ದಾಳಿಂಬೆ ಹಿಡಿದುಕೊಂಡು ಬಂದರು. "ಹೆಂಗಿದೀಯಪ್ಪ ಮಹೇಶ್ವರಪ್ಪ?" ಎಂದು ಹಿರಿಯರು ಕೈ ಹಿಡಿದುಕೊಂಡರು. ಇವರು ಸಂತೋಷದಿಂದ ಬಾಗಿಲ ಕಡೆ ನೋಡಿ, "ಗೇಟು," ಎಂದರು. ಅವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡು ಎದ್ದರು. ಹಾಗಲ್ಲ ಕೂತ್ಕೊಳ್ರಿ, ಅದು ಪ್ರೀತಿಯ ಗೇಟು ಎಂದು ಹೇಳಿದೆ. ಅರ್ಧ ಲೋಟ ಚಹಾ ಕುಡಿದು ಹೋದರು.

ಮೂರು ಕೊಂಬಿನವು ಈಗ ಮೂರಾಗಿವೆ. ಒಂದಕ್ಕೆ ನೆಗಡಿ.

ಫೆಬ್ರವರಿ 13, ಗುರುವಾರ

ಇವತ್ತು ಪಾರ್ಕಿಗೆ ತೊಂದರೆ ಮೇಲೆ ತೊಂದರೆ.

ಬೆಳಿಗ್ಗೆ ಜನರೇಟರ್ ನಿಂತಿತು. ಅದಕ್ಕೆ ಎಣ್ಣೆ ಹಾಕಿಸಬೇಕಂತೆ, ಹೇಳಿದವರು ಯಾರು? ಅದನ್ನು ಸರಿಮಾಡುತ್ತಿದ್ದಾಗ ಬಳ್ಳಿಗಾವಿಯ ರೈತರೊಬ್ಬರು ಮನೆಯ ಬಾಗಿಲಿಗೆ ಬಂದು ನಿಂತರು. ಬಾವಿಯೊಳಗಿನ ಪೈಪಿನ ತುದಿಗೆ ಫುಟ್‌ವಾಲ್ವ್ ಬೇಕಂತೆ, ಜೋಳ ಒಣಗುತ್ತಿದೆಯಂತೆ, ಅಂಗಡಿ ಬೀಗ ಹಾಕಿದೆಯಂತೆ. ಲೋಕಪ್ಪನಿಗೆ ಫೋನ್ ಮಾಡಿದರೆ ಕೋಳಿಗೆ ಚುಚ್ಚುಮದ್ದು ನಡೀತೈತೆ, ನಾಳೆ ನೋಡನ ಎಂದ. ಬೀಗದ ಕೈ ತೆಗೆದುಕೊಂಡು ನಾನೇ ಹೋದೆ. ಫುಟ್‌ವಾಲ್ವ್ ಎಂದರೆ ಹೇಗಿರುತ್ತದೆ ಎಂದು ಆ ರೈತರನ್ನೇ ಕೇಳಿದೆ. ಅವರು ಹಳೆಯದನ್ನು ಚೀಲದಿಂದ ತೆಗೆದು ತೋರಿಸಿದರು. ಹುಡುಕಿ, ಅಳತೆ ಹೊಂದಿಸಿ ಕೊಟ್ಟೆ. ಅವರ ಹಿಂದೆ ಇನ್ನಿಬ್ಬರು ನಿಂತಿದ್ದರು, ಅವರಿಗೂ ಕೊಟ್ಟೆ. ಕಪಾಟಿನಲ್ಲಿ ವಾಷರು, ಪೈಪಿನ ಬೆಂಡು, ಕಾಲರು ಎಲ್ಲ ಒಂದೇ ಡಬ್ಬದಲ್ಲಿ ಕಲಸಿ ಬಿದ್ದಿದ್ದವು. ಬೇರೆ ಬೇರೆ ಮಾಡಿಟ್ಟೆ. ಅಷ್ಟರಲ್ಲಿ ಮಧ್ಯಾಹ್ನವಾಯಿತು.

ಮನೆಗೆ ಬಂದು ನೋಡಿದರೆ ನೆಗಡಿ ಎಲ್ಲಕ್ಕೂ ಹತ್ತಿತ್ತು. ಅರ್ಧ ದಿನ ದಂಡ.

ಫೆಬ್ರವರಿ 20, ಗುರುವಾರ

ಹೊಸದಾಗಿ ಉದ್ದ ಕುತ್ತಿಗೆಯದು ಬಂದಿದೆ. ತೆಂಗಿನ ಮರದಷ್ಟು ಎತ್ತರ. ತಮ್ಮ ತೀರಿಹೋದ ಅಕ್ಕ ಬಸಕ್ಕನ ಕುತ್ತಿಗೆ ಹೀಗೇ ಇತ್ತೆಂದು ಅತ್ತೆ ಅದಕ್ಕೆ ಬಸಕ್ಕ ಎಂದು ಹೆಸರಿಟ್ಟಿದ್ದಾರೆ. ಬೆಳಿಗ್ಗೆ ಎದ್ದ ಕೂಡಲೇ ಕೇಳುವುದು ಮಗನನ್ನಲ್ಲ. "ಬಸಕ್ಕ ಮೇವು ತಿಂದ್ಲೇನೇ?"

ಬಸಕ್ಕ ತಿನ್ನುತ್ತಿಲ್ಲ. ಬೇಲಿಯ ಮೂಲೆಗೆ ಹೋಗಿ ನಿಲ್ಲುತ್ತಾಳೆ. ಮೇವು ಬದಲಿಸಿದೆ, ಹೊಂಡ ತೋಡಿಸಿದೆ, ಜಾಗ ಹೆಚ್ಚಿಸಿದೆ. ಕೆಳಗಿನ ಇಂಗ್ಲಿಷ್ ಬರಹ ಮತ್ತೊಮ್ಮೆ ಓದಿದೆ. ಜೊತೆ ಇಲ್ಲದ್ದಕ್ಕೆ ಹೀಗಂತೆ. ಜೊತೆಗೊಂದನ್ನು ತರಿಸಿದೆವು. ಇವರು ತಡಮಾಡದೆ ಗುಂಡಿ ಒತ್ತಿದರು. ಈಚೆಗೆ ಇವರ ಹೆಬ್ಬೆರಳು ನನ್ನ ಕೈಗಿಂತ ಮುಂದಿರುತ್ತದೆ.

ಸಂಜೆ ಲೋಕಪ್ಪ ಬಂದ. ಅಂಗಡಿಯ ವಿಷಯ ಮಾತಾಡಲು ಬಂದವನು ಟಿ.ವಿ. ನೋಡಿ, "ಏನಿದು ಹುಡುಗಾಟ?" ಎಂದ. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದ. ಆಮೇಲೆ ಕೂತ. ಆಮೇಲೆ, "ಕೊಡ್ರಿ ಇಲ್ಲಿ ಅತ್ತಿಗೆ, ನಾನು ತೋರಿಸ್ತೀನಿ. ನಾನು ಸಾವಿರಾರು ಕೋಳಿ ಸಾಕಿದೋನು," ಎಂದು ರಿಮೋಟು ಕಸಿದುಕೊಂಡ.

ನೋಡುವ ಜನ ಜಾಸ್ತಿ ಬರಲಿ ಎಂದು ದೊಡ್ಡ ಹಲ್ಲಿನ ಮಾಂಸಾಹಾರಿಯನ್ನು ತರಿಸಿದ. ಅದಕ್ಕೆ ಬೇರೆ ಬೇಲಿ ಬೇಕು ಎಂದೆ. "ಒಂದೇ ಶೆಡ್ಡಿನಾಗೆ ಹೊಂದ್ಕಂತಾವೆ ಬಿಡ್ರಿ. ಮೊದ್ಲು ಕಚ್ಚಾಡ್ತಾವೆ, ಆಮೇಲೆ ಅಭ್ಯಾಸ ಆಗ್ತೈತೆ."

ಇವರು, "ಬ್ಯಾಡ," ಎಂದರು.

ಹೊಸ ಮಾತು! ನಾನು ಕೇಳಿಸಿಕೊಂಡೆ, ಲೋಕಪ್ಪ ಕೇಳಿಸಿಕೊಳ್ಳಲಿಲ್ಲ. ಮೂರು ಕೊಂಬಿನವುಗಳ ಬೇಲಿಯ ಬಾಗಿಲು ತೆಗೆದು ಅದನ್ನು ಒಳಗೆ ಬಿಟ್ಟ. ಆಮೇಲೆ ನಡೆದದ್ದನ್ನು ಬರೆಯುವುದಿಲ್ಲ. ಮೂರು ಕೊಂಬಿನವು ಈಗ ಒಂದೂ ಇಲ್ಲ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಇದಕ್ಕೇ ನಿನಗೆ ಮನೆ ಜವಾಬ್ದಾರಿ ಕೊಡಲಿಲ್ಲ ನಿಮ್ಮಪ್ಪ," ಎಂದು ಲೋಕಪ್ಪನಿಗೆ ಅಂದುಬಿಟ್ಟರು. ಅವನು ಊಟ ಮಾಡದೆ ಹೊರಟ. ನಾನು ಡಬ್ಬಿಯಲ್ಲಿ ರೊಟ್ಟಿ, ಪಲ್ಯ ಕಟ್ಟಿ ಬೈಕಿಗೆ ಸಿಕ್ಕಿಸಿದೆ.

ಮಾರ್ಚ್ 3, ಸೋಮವಾರ

ಬಿ.ಪಿ. 130/80. ಬೆಳಿಗ್ಗೆ ಅಂಗಡಿ, ಮಧ್ಯಾಹ್ನದ ಮೇಲೆ ಪಾರ್ಕು. ಬಸಕ್ಕ ಮತ್ತು ಅವಳ ಜೊತೆಯದು ಚೆನ್ನಾಗಿ ತಿನ್ನುತ್ತಿವೆ.

ಗುರುವಾರ ಪಂಪ್ ಕಂಪನಿಯಿಂದ ಈಶ್ವರ್ ಎನ್ನುವ ಏರಿಯಾ ಮ್ಯಾನೇಜರ್ ಮನೆಗೇ ಬರುತ್ತಾರಂತೆ. ಲೋಕಪ್ಪ ಫೋನ್ ಮಾಡಿದ್ದ. "ಮಾತೆಲ್ಲ ನಾನಾಡ್ತೀನಿ. ಅಣ್ಣಗೆ ಇಸ್ತ್ರಿ ಮಾಡಿದ ಅಂಗಿ ಹಾಕ್ಸ್ರಿ. ನೀವು ಟೀ ತಂದುಕೊಡ್ರಿ, ಸಾಕು," ಎಂದ. ಆಗಲಿ ಎಂದೆ.

ಮಾರ್ಚ್ 6, ಗುರುವಾರ

ನಾಚಿಕೆಯಿಂದ ಸಾಯುವ ಹಾಗಾಗಿದೆ.

ಹನ್ನೊಂದಕ್ಕೆ ಬರುತ್ತಾರೆಂದು ಹೇಳಿದ್ದರು. ಅದಕ್ಕೇ ನಾವು ಹತ್ತಕ್ಕೆ ಸ್ವಲ್ಪ ಹೊತ್ತು ವ್ಯಾಯಾಮವಾಗಲಿ ಎಂದು ಕೂತಿದ್ದೆವು. ಆಟದಲ್ಲಿ ಬಿರುಗಾಳಿ ಬಂತು. ನಮ್ಮ ಮನೆಯ ಬಾಗಿಲಿಗೆ ಮ್ಯಾನೇಜರೂ ಲೋಕಪ್ಪನೂ ಬಂದರು. ಹತ್ತೂವರೆಯೂ ಆಗಿರಲಿಲ್ಲ.

ಕರೆಂಟು ಹೋಗಿತ್ತು, ಬೇಲಿ ಎರಡು ಕಡೆ ಬಿದ್ದಿತ್ತು. ಲೋಕಪ್ಪ ತರಿಸಿದ್ದ ದೊಡ್ಡ ಹಲ್ಲಿನದು ಹೊರಗೆ ಬಂದು ಐಸ್‌ಕ್ರೀಂ ಅಂಗಡಿಯ ಮುಂದೆ ನಿಂತಿತ್ತು. ಏಳಬೇಕು ಎಂದುಕೊಂಡೆ. ರಿಮೋಟಿನ ಅರ್ಧ ಇವರ ಕೈಯಲ್ಲಿದೆ, ನಾನು ಎದ್ದರೆ ಎಲ್ಲವೂ ಹೋಯಿತು.

"ಅತ್ತಿಗೆ, ಸಾಹೇಬ್ರು ಬಂದಾರೆ. ಟೀ," ಎಂದ ಲೋಕಪ್ಪ.

"ಹಾಲು ಒಲೆ ಮೇಲೈತೆ. ನೀವೇ ಇಡ್ರಿ ಲೋಕಪ್ಪ," ಎಂದೆ. ಅಂದದ್ದು ನಾನೇ. ಅವನು ಅಡುಗೆಮನೆಗೆ ಹೋದ. ಪಾತ್ರೆ ಬಿದ್ದ ಶಬ್ದ ಕೇಳಿತು.

ಮ್ಯಾನೇಜರ್ ಈಶ್ವರ್ ಅವರಿಗೆ ನಲವತ್ತಿರಬಹುದು. ಕುರ್ಚಿ ಎಳೆದುಕೊಂಡು ಕೂತು ಸುಮ್ಮನೆ ನೋಡಿದರು. ಇವರು, "ಕರೆಂಟು! ಕರೆಂಟು!" ಎಂದು ಕೂಗುತ್ತಿದ್ದರು. ಮೊದಲು ಜನರನ್ನು ಕಟ್ಟಡದೊಳಗೆ ಸೇರಿಸಿದೆ. ಆಮೇಲೆ ಜನರೇಟರಿಗೆ ಎಣ್ಣೆ. ಆಮೇಲೆ ಬೇಲಿ. ಹೆಲಿಕಾಪ್ಟರು ಹೋಗಿ ದೊಡ್ಡ ಹಲ್ಲಿನದಕ್ಕೆ ನಿದ್ದೆಯ ಮದ್ದು ಹೊಡೆಯಿತು. ಇವರ ಹೆಬ್ಬೆರಳು ಒಂದು ಸಲವೂ ತಪ್ಪಲಿಲ್ಲ.

ಅದರ ಮಧ್ಯೆ ಮ್ಯಾನೇಜರು ಕೇಳಿದರು. "ಮೇಡಂ, ಸೀಸನ್ ಶುರುವಾಗಿದೆ. ಈಗ ಒಟ್ಟಿಗೆ ಮಾಲು ತರಿಸ್ತೀರಾ?"

"ಒಟ್ಟಿಗೆ ತರಿಸಬಾರ್ದು ಸರ್," ಎಂದೆ, ಟಿ.ವಿ. ಮೇಲಿನ ಕಣ್ಣು ತೆಗೆಯದೆ. "ಇದ್ದಿದ್ದಕ್ಕೆ ಜಾಗ ಐತಾ, ನೋಡಿಕೊಳ್ಳೋರು ಅದಾರಾ ನೋಡ್ಕಂಡು ಒಂದೊಂದೇ ತರಿಸಬೇಕು. ದೊಡ್ಡದು ತಂದ್ರೆ ಜನ ಬರ್ತಾರೆ ಅಂತ ನಮ್ಮ ಮೈದುನ ತಂದ್ರು, ಇದ್ದ ಮೂರೂ ಹೋದ್ವು."

"ಮೇಡಂ, ನಾನು ಪಂಪಿನ ವಿಷಯ ಕೇಳಿದ್ದು."

ಅಲ್ಲಿಗೆ ನನಗೆ ಎಚ್ಚರವಾಯಿತು. ಆದರೆ ದೊಡ್ಡ ಹಲ್ಲಿನದು ಇನ್ನೂ ಪೂರ್ತಿ ಮಲಗಿರಲಿಲ್ಲ. "ಪಂಪಿಗೂ ಅದೇ ಅಲ್ಲೇನ್ರಿ? ಐದು ಎಚ್.ಪಿ.ದು ಕೇಳೋರು ಒಬ್ರೂ ಬಂದಿಲ್ಲ ಮೂರು ವಾರದಿಂದ, ಅದೇ ಮೂಲೇಲಿ ಧೂಳು ತಿಂತಾ ಐತೆ. ಎಲ್ರೂ ಕೇಳೋದು ಮೂರರದ್ದು. ಅದು ಕಳಿಸ್ರಿ," ಎಂದು ಸ್ವಲ್ಪ ಜೋರಾಗಿಯೇ ಹೇಳಿಬಿಟ್ಟೆ.

ಲೋಕಪ್ಪ ಟೀ ತಂದ. ಸಕ್ಕರೆ ಹಾಕಿರಲಿಲ್ಲ. ಮ್ಯಾನೇಜರು ಕುಡಿದರು. ಎದ್ದು ಹೊರಡುವಾಗ ಇವರನ್ನು, "ಏನ್ ಸರ್, ಅಂಗಡಿ ಯಾರು ನೋಡ್ಕೊಳ್ತಾರೆ?" ಎಂದು ಕೇಳಿದರು. ಇವರು ಉತ್ತರ ಹೇಳಲು ಎಷ್ಟೋ ಪ್ರಯತ್ನಪಟ್ಟು, ಮುಖವೆಲ್ಲ ಕೆಂಪಾಗಿ, ಕಡೆಗೆ ಬಂದದ್ದು ಅದೇ. "ಗೇಟು."

ಅವರು ನಮಸ್ಕಾರ ಹೇಳಿ ಹೋದರು. ಎಲ್ಲ ಕೆಟ್ಟಿತು.

ಮಾರ್ಚ್ 10, ಸೋಮವಾರ

ಈಶ್ವರ್ ಅವರ ಫೋನ್ ಬಂದಿತ್ತು. ಆರು ತಿಂಗಳು ನನ್ನ ಹೆಸರಿಗೇ ಡೀಲರ್‌ಶಿಪ್ ನಡೆಸಿ, ಆಮೇಲೆ ನೋಡೋಣ ಎಂದರು. ಇವರ ಇಷ್ಟು ವರ್ಷದ ಒಳ್ಳೆಯ ಹೆಸರಿಗೆ ಕೊಟ್ಟದ್ದಿರಬೇಕು. ಮೂರು ಎಚ್.ಪಿ.ಯವು ಶನಿವಾರ ಬರುತ್ತವೆ.

ಲೋಕಪ್ಪನಿಗೆ ನಾನೇ ಹೇಳಿದೆ. ಆಗಲಿ ಎಂದ. ಆಮೇಲೆ, "ಆ ದೊಡ್ಡ ಹಲ್ಲಿನದು ಹೆಂಗೈತೆ?" ಎಂದ. ಬೇರೆ ಬೇಲಿ ಹಾಕಿದ್ದೇವೆ, ಚೆನ್ನಾಗಿದೆ ಎಂದೆ. "ಭಾನುವಾರ ಬಂದು ನೋಡ್ತೀನಿ," ಎಂದ.

ಮಾರ್ಚ್ 24, ಸೋಮವಾರ

ಪೆಟ್ಟಿಗೆ ಸೊರಬಕ್ಕೆ ಹೋಯಿತು.

ಸೊರಬದಲ್ಲಿ ಗೌರೀಶಂಕರ ಎಂಬ ನಿವೃತ್ತ ಮೇಷ್ಟ್ರಿಗೆ ಭುಜದ ಆಪರೇಷನ್ ಆಗಿದೆ, ಅವರಿಗೆ ಬೇಕು ಎಂದಳು ಶರಣ್ಯ. ಇವರು ಈಗ ಕೋಲು ಹಿಡಿದು ಅಂಗಳಕ್ಕೆ ಬರುತ್ತಾರೆ, ಬಲಗೈಯಲ್ಲಿ ಚಮಚ ಹಿಡಿಯುತ್ತಾರೆ. ಅವ್ವ, ಬಾ, ನೀರು, ಉಪ್ಪು ಎನ್ನುವ ಮಾತುಗಳು ಬಿಡಿಬಿಡಿಯಾಗಿ ಬರುತ್ತಿವೆ. ಕೊಡದೆ ಇಟ್ಟುಕೊಳ್ಳಲು ನೆಪವಿಲ್ಲ.

ಅತ್ತೆಗೆ ಹೇಳುವುದು ಹೇಗೆ? ಬಸಕ್ಕನನ್ನು ಸೊರಬದವರು ಸಾಕುತ್ತಾರಂತೆ ಎಂದೆ. ಅತ್ತೆ ಒಪ್ಪಿದರು. "ನಿನ್ನ ತವರೂರು. ಒಳ್ಳೇ ಜನ. ಆದ್ರೂ ಹೆಣ್ಣುಮಗಳನ್ನ ಬರಿಗೈಲಿ ಕಳಿಸ್ತಾರೇನೇ?" ಎಂದರು. ಪೆಟ್ಟಿಗೆಗೆ ಅರಿಶಿನ ಕುಂಕುಮ ಹಚ್ಚಿ, ಅಕ್ಕಿ, ಕೊಬ್ಬರಿ, ಒಂದು ರವಿಕೆ ಕಣ ಇಟ್ಟು ಉಡಿ ತುಂಬಿದರು. ವೈರುಗಳ ಒಳಗೆ ಅಕ್ಕಿ ಹೋಗದ ಹಾಗೆ ಶರಣ್ಯ ಕೈ ಅಡ್ಡ ಹಿಡಿದಿದ್ದಳು. ಅವಳೂ ಅತ್ತಳು. ಬಸ್ಸಿನಲ್ಲಿ ಆ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಹೋದಳಂತೆ.

ಅವಳನ್ನು ಕಳಿಸಿ ಬಂದು ಕೂತಾಗ ಟಿ.ವಿ. ಮುಂದೆ ಖಾಲಿ ಖಾಲಿ ಅನಿಸಿತು. ಇವರು ಪಕ್ಕಕ್ಕೆ ಸರಿದು ಜಾಗ ಮಾಡಿದರು. ರಿಮೋಟು ಇಲ್ಲದಿದ್ದರೂ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆವು.

ಏಪ್ರಿಲ್ 7, ಸೋಮವಾರ

ಯುಗಾದಿ ಕಳೆದ ಮೇಲೆ ಇವರನ್ನೂ ಬೆಳಗಿನ ಹೊತ್ತು ಆಟೋದಲ್ಲಿ ಅಂಗಡಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ಕುರ್ಚಿಯಲ್ಲಿ ಕೂತು ವಾಷರುಗಳನ್ನು ಪೊಟ್ಟಣ ಕಟ್ಟುತ್ತಾರೆ. ಇವತ್ತು ಅಂಗಡಿಯ ತುಂಬ ಗಿರಾಕಿಗಳಿದ್ದಾಗ ಶರಣ್ಯಳ ಫೋನ್ ಬಂತು. ಹಿಂದಿನಿಂದ ಗೌರೀಶಂಕರ ಮೇಷ್ಟ್ರ ಕೂಗು ಕೇಳುತ್ತಿತ್ತು. "ಮಾರಾಯ್ತಿ, ಅದು ಜನರನ್ನೆಲ್ಲ ಹಿಡೀತಾ ಉಂಟು! ಎಂತ ಮಾಡೂದು ಕೇಳು ಬೇಗ!"

"ಮೇಷ್ಟ್ರೇ, ಗಾಬರಿ ಆಗಬ್ಯಾಡ್ರಿ," ಎಂದು ನಾನೂ ಜೋರಾಗಿ ಕೂಗಿದೆ. ಮಾಲಿನ ಲಾರಿಯ ಸದ್ದು ಹಾಗಿತ್ತು. "ಮೊದ್ಲು ಜನಾನ ಒಳಗೆ ಸೇರಿಸ್ರಿ, ಬಾಗ್ಲು ಹಾಕ್ಸ್ರಿ. ಬೇಲಿಗೆ ಕರೆಂಟ್ ಐತಾ ನೋಡ್ರಿ. ಆಮೇಲೆ ಹೆಲಿಕಾಪ್ಟರ್ ಕಳಿಸಿ ಮದ್ದು ಹೊಡೀರಿ. ಒಂದಕ್ಕೆ ಬೀಳಲ್ಲ ಅದು, ಎರಡು ಹೊಡೀರಿ!"

ಮಲಗಿತು ಎಂದು ಅವರು ಹೇಳಿದ ಮೇಲೆ ಫೋನಿಟ್ಟೆ. ಅಂಗಡಿಯಲ್ಲಿದ್ದವರೆಲ್ಲ ನನ್ನ ಕಡೆಗೇ ನೋಡುತ್ತಿದ್ದರು.

"ಏನು ತಪ್ಪಿಸ್ಕಂಡೈತ್ರಿ ಅಮ್ಮಾರೆ?" ಎಂದರು ಪೈಪು ಹಿಡಿದು ನಿಂತಿದ್ದ ಒಬ್ಬರು.

ನನ್ನ ತಲೆಯಲ್ಲಿ ಇನ್ನೂ ಬೇಲಿಯೇ ಇತ್ತು. "ಸೊರಬದಾಗೆ ಒಂದು ಹೊರಗೆ ಬಂದಿತ್ತು. ದೊಡ್ಡದು," ಎಂದುಬಿಟ್ಟೆ.

ಅದು ಆಟ ಎಂದು ಹೇಳುವಷ್ಟರಲ್ಲಿ ಇಬ್ಬರು ಬೀದಿಗಿಳಿದಾಗಿತ್ತು. ಸುದ್ದಿ ಆಟೋ ಸ್ಟ್ಯಾಂಡಿಗೆ ಮುಟ್ಟಿತು, ಬಸ್‌ಸ್ಟ್ಯಾಂಡಿಗೆ ಮುಟ್ಟಿತು. ಸೊರಬದ ಬಸ್ಸಿನಲ್ಲಿ ಕೂತಿದ್ದವರು ಚೀಲ ಸಮೇತ ಇಳಿದರಂತೆ. ತುಂಗಮ್ಮ ಫೋನ್ ಮಾಡಿ, ಅತ್ತೆಯನ್ನು ಒಳಗೆ ಕೂರಿಸಿ ಚಿಲಕ ಹಾಕಿದ್ದೇನೆ ಎಂದರು. ಉಡುತಡಿಯಿಂದ ಲೋಕಪ್ಪ, ಫಾರಂ ಬಾಗಿಲು ಹಾಕಿಸಿದೆ, ಚಿರತೆಯೋ ಆನೆಯೋ ಎಂದು ಕೇಳಿದ. ಬಸಕ್ಕನ ಪಾರ್ಕಿನ ವಿಷಯ ಎಂದೆ. ಬೈದುಕೊಂಡು ಫೋನಿಟ್ಟ. ಸೊರಬ ತಾಲೂಕಿನ ಕ್ಯಾಸನೂರಿನಿಂದ ಯಾರೋ ಗುರುತಿಲ್ಲದವರು ಮಾಡಿ, "ನಮ್ ಕಡೆಗೆ ತಿರುಗಿದೆಯಾ ಅದು?" ಎಂದರು.

ಮಧ್ಯಾಹ್ನದ ಹೊತ್ತಿಗೆ ಅಂಗಡಿಯ ಮುಂದೆ ಜಾತ್ರೆಯಷ್ಟು ಜನ. ಟಿ.ವಿ. ಆಟ ಕಣ್ರಪ್ಪ ಎಂದರೆ ನಂಬುವವರಿಲ್ಲ. "ಮುಚ್ಚಿಡಾಕೆ ಹಂಗಂತಾರೆ," ಎಂದರು ಒಬ್ಬರು. "ಹೆಲಿಕಾಪ್ಟರ್ ಕಳಸ್ರಿ ಅಂತ ನನ್ನ ಕಿವಿಯಾರೆ ಕೇಳೀನಿ," ಎಂದರು ಇನ್ನೊಬ್ಬರು. ಎಷ್ಟು ಕೂಗಿದರೂ ನನ್ನ ದನಿ ಮೂರನೇ ಸಾಲಿಗೆ ಮುಟ್ಟುತ್ತಿರಲಿಲ್ಲ.

ಆಗ ಇವರು ಕೋಲು ಬಿಟ್ಟು, ಗಲ್ಲಾ ಮೇಜು ಹಿಡಿದು ಎದ್ದು ನಿಂತರು. ಜನ ಸುಮ್ಮನಾದರು. ಇವರು ಒಮ್ಮೆ ಕೆಮ್ಮಿದರು.

"ಹೆದ್ರಬ್ಯಾಡ್ರಿ," ಎಂದರು. "ಸಿಕ್ತು. ಇವಳೇ ಹಿಡುದ್ಲು. ಮನೆಗೆ ನಡೀರಿ."

ಹೋಟೆಲಿನವರು ಎದುರಿನಿಂದ ಎದ್ದು ಬಂದು ನೋಡಿದರು.

ನನ್ನ ಮಾತು ನಂಬದವರೆಲ್ಲ ಇವರ ಮಾತು ನಂಬಿ ಹೊರಟರು. ನನ್ನ ಕಡೆ ನೋಡುತ್ತ ನೋಡುತ್ತ ಹೋದರು. ವಯಸ್ಸಾದವರೊಬ್ಬರು ಕೈ ಮುಗಿದು, "ಕಟ್ಟಿ ಹಾಕೀರಿ ಅಲ್ಲೇನವ್ವ?" ಎಂದು ಕೇಳಿಕೊಂಡು ಹೋದರು.

ಎಲ್ಲರೂ ಹೋದ ಮೇಲೆ ನಾನು ಇವರನ್ನು ಚೆನ್ನಾಗಿ ಬೈದೆ. ಹಿಡಿದದ್ದು ಮೇಷ್ಟ್ರು, ನಾನು ಇಲ್ಲಿಂದ ಹೇಳಿಕೊಟ್ಟೆ ಅಷ್ಟೆ, ಇಷ್ಟು ಜನರ ಮುಂದೆ ಸುಳ್ಳು ಹೇಳುವುದೇ, ನಾಳೆಯಿಂದ ನಾನು ಬೀದಿಯಲ್ಲಿ ಹೇಗೆ ಓಡಾಡಲಿ ಎಂದೆ. ಇವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನನಗೆ ಇನ್ನೂ ಸಿಟ್ಟು ಬಂತು. ಅಷ್ಟರಲ್ಲಿ ಗಿರಾಕಿ ಬಂದು ಮುಕ್ಕಾಲು ಇಂಚಿನ ಪೈಪು ಕೇಳಿದರು. ಕೊಟ್ಟೆವು.